ಎಡಕ್ಕೆ ಸುತ್ತಿದ ಗಿಳಿಗಳು

ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿ ಗೋವಿಂದಮ್ಮನನ್ನೂ ಅವಳ ಮಗಳು ತ್ರಿವೇಣಿಯನ್ನೂ ಜೊತೆಯಲ್ಲಿ ಕಂಡವರೆಲ್ಲ, ಇವರು ತಾಯಿ ಮಗಳಲ್ಲ ಬಿಡ್ರಿ, ಅಕ್ಕ ತಂಗಿ ಅನ್ನುತ್ತಿದ್ದರು. ಎದುರುಮನೆಯ ಜಯಕ್ಕ ಅಷ್ಟಕ್ಕೇ ನಿಲ್ಲಿಸುವವಳಲ್ಲ. "ನೀವಿಬ್ರೂ ಬಸ್ಸಿಗೆ ನಿಂತ್ರೆ ಕಂಡಕ್ಟರು ಇಬ್ರಿಗೂ ಕಾಲೇಜು ಪಾಸು ಕೇಳ್ತಾನೆ ಕಣೆ," ಅಂತ ಕಟ್ಟೆಯ ಮೇಲಿಂದಲೇ ಹೇಳುತ್ತಿದ್ದಳು. ಹಾಗಂದಾಗ ಗೋವಿಂದಮ್ಮ ಜಡೆಯನ್ನು ಮುಂದಕ್ಕೆ ಹಾಕಿಕೊಂಡು ನಗುವಳು. ತ್ರಿವೇಣಿ ಸರ್ರನೆ ಒಳಗೆ ಹೋಗಿಬಿಡುವಳು. ಸ್ವಲ್ಪ ಹೊತ್ತಿಗೆ ಒಳಗಿಂದ ಯಾವುದಾದರೂ ಪಾತ್ರೆ ಕುಕ್ಕಿದ ಸದ್ದು ಬರುವುದು.

ನೀವೇ ಯೋಚಿಸಿ ನೋಡಿ. ನಲವತ್ತು ದಾಟಿದ ತಾಯಿಗೆ ಆ ಮಾತು ಹೂ ಮುಡಿಸಿದ ಹಾಗೆ. ಇಪ್ಪತ್ತು ದಾಟಿದ ಮಗಳಿಗೆ ಅದು ಹೇಗೆ ಕೇಳಿಸಿರಬೇಕು? ಅದರಲ್ಲೂ ಜಡೆ ತಾಯಿಯದೇ ದಪ್ಪ, ಹಲ್ಲು ತಾಯಿಯದೇ ಸಾಲು, ಓಣಿಯಲ್ಲಿ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುವುದು ತಾಯಿಯನ್ನೇ. ಆ ಹುಡುಗಿಗೆ ಚಿಕ್ಕಂದಿನಿಂದಲೂ ಕಣ್ಣು ಒಂಚೂರು ಹೆಚ್ಚು ಅಂತಲೂ ಓಣಿಯವರು ಹೇಳುತ್ತಿದ್ದರು. ಸೋದರಮಾವ ಬಳೆ ತಂದರೆ ತನ್ನ ಕೈಗೆ ಏರಿಸಿಕೊಳ್ಳುವ ಮುಂಚೆ ಅಮ್ಮನ ಕೈಗೆ ಯಾವ ಬಣ್ಣ ಬಂತು ಅಂತ ನೋಡುತ್ತಿದ್ದಳಂತೆ. ಅವಳಿಗೆ ಬೇರೆ ಹುಡುಗಿಯರ ಮೇಲೆ ಹೊಟ್ಟೆಕಿಚ್ಚು ಇದ್ದದ್ದನ್ನು ಕಂಡವರಿಲ್ಲ. ಇದ್ದದ್ದೆಲ್ಲ ಹೆತ್ತವಳ ಮೇಲೆ.

ಮನೆ ಅಂದರೆ ಮುಂದಿನ ಕೋಣೆಯ ತುಂಬ ಮಗ್ಗ. ನೆಲದಲ್ಲಿ ಗುಣಿ ತೋಡಿ ಅದರೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗ. ಗೋವಿಂದಮ್ಮನ ಗಂಡ ಪೆದ್ದಣ್ಣ ಬೆಳಗಾದರೆ ಆ ಗುಣಿಯಲ್ಲಿ, ಬೈಗಾದರೆ ಆ ಗುಣಿಯಲ್ಲಿ. ಅಂಚಿನ ಬಣ್ಣ ಬೇರೆ ಇರುವುದರಿಂದ ಆ ಕಡೆಯ ಲಾಳಿ ಎಸೆಯಲು ಪಕ್ಕದಲ್ಲಿ ಇನ್ನೊಬ್ಬರು ಕೂರಬೇಕು. ಮದುವೆಯಾಗಿ ಬಂದ ವರ್ಷದಿಂದ ಅಲ್ಲಿ ಕೂತವಳು ಗೋವಿಂದಮ್ಮ. ರಾಯದುರ್ಗದ ಕಡೆಯ ಹೆಣ್ಣು. ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂರುವ ಮುಂಚೆಯೇ ಧಾರೆ ಎರೆದಿದ್ದರು. ಮನೆಯೊಳಗೆ ಮೂವರ ಮಾತೂ ತೆಲುಗು, ಹೊಸಿಲು ದಾಟಿದರೆ ಕನ್ನಡ. ಅಪ್ಪನನ್ನು ತ್ರಿವೇಣಿ ನಾಯ್ನ ಅನ್ನುತ್ತಿದ್ದಳು.

ಅವಳು ಚಿತ್ರ ಚೆನ್ನಾಗಿ ಬರೆಯುತ್ತಾಳೆ ಅಂತ ಶಾಲೆಯ ಮೇಷ್ಟ್ರು ಹೇಳಿದ್ದೇ ನೆಪ, ಪೆದ್ದಣ್ಣ ಮಗಳನ್ನು ಬೆಂಗಳೂರಿಗೆ ಕಳಿಸಿ ಟೆಕ್ಸ್‌ಟೈಲ್ ಡಿಸೈನ್ ಓದಿಸಿದ. ಬಟ್ಟೆಯ ಮೇಲೆ ಏನಿರಬೇಕು ಅಂತ ಯೋಚಿಸುವುದೇ ಒಂದು ಕೆಲಸ, ಅದಕ್ಕೊಂದು ಡಿಗ್ರಿ ಇದೆ ಅನ್ನುವುದು ಓಣಿಯವರಿಗೆ ನಗೆಯ ವಿಷಯವಾಗಿತ್ತು. ತ್ರಿವೇಣಿಗೆ ಹಾಗಲ್ಲ. ಸೀರೆಗೆ ನೇಯ್ದವನ ಹೆಸರಿಲ್ಲ, ಅಂಚಿನ ಲಾಳಿ ಎಸೆದವಳ ಹೆಸರಂತೂ ಇಲ್ಲವೇ ಇಲ್ಲ. ತನ್ನ ಹೆಸರು ಇರುವ ಒಂದು ಸೀರೆ ಈ ಲೋಕದಲ್ಲಿ ಇರಬೇಕು ಅಂತ ಅವಳು ಹಾಸ್ಟೆಲಿನಲ್ಲಿ ಗೆಳತಿಯರ ಹತ್ತಿರ ಹೇಳಿಕೊಂಡಿದ್ದಳು. ಆಸೆ ಅಂದರೆ ಅಷ್ಟೇ. ಬಹಳ ದೊಡ್ಡದೇನಲ್ಲ.

ಡಿಗ್ರಿ ಮುಗಿಯಿತು. ಬೆಂಗಳೂರಿನ ಕಂಪನಿಗಳಿಗೆ ಬರೆದದ್ದಕ್ಕೆ ಉತ್ತರ ಬರಲಿಲ್ಲ. ಕೊನೆಗೆ ಉತ್ತರ ಬಂದದ್ದು ಹತ್ತಿರದ ಚಳ್ಳಕೆರೆಯಿಂದ. ಅಲ್ಲಿ ಪುಷ್ಪಲತಾ ಮೇಡಂ ಅನ್ನುವವರು ಹಳೆಯ ಎಣ್ಣೆ ಮಿಲ್ಲಿನ ಗೋಡೌನಿಗೆ ಸುಣ್ಣ ಬಳಿಸಿ, ಗಾಜಿನ ಬಾಗಿಲು ಇಡಿಸಿ, ಕೈಮಗ್ಗದ ಸೀರೆಗಳ ಸ್ಟುಡಿಯೋ ತೆರೆದಿದ್ದರು. ಕುದಾಪುರದ ಕಡೆ ದೊಡ್ಡ ದೊಡ್ಡ ಸಂಶೋಧನಾ ಸಂಸ್ಥೆಗಳು ಬಂದಮೇಲೆ ಅಲ್ಲಿನ ಹೆಂಗಸರು ಕಾರಿನಲ್ಲಿ ಬಂದು ಸೀರೆ ಕೊಳ್ಳುತ್ತಿದ್ದರು. ಮೇಡಂ ಫೋನಿನಲ್ಲಿ ತ್ರಿವೇಣಿಗೆ ಒಂದು ಮಾತು ಕೊಟ್ಟರು: ಇಂಟರ್ನ್‌ಶಿಪ್ಪಿಗೆ ಬಾ, ಕೊನೆಯಲ್ಲಿ ನಿನ್ನ ಒಂದು ಡಿಸೈನ್ ಆರಿಸಿ ಸೀರೆ ನೇಯಿಸುತ್ತೇನೆ, ಕುದಾಪುರದ ಪ್ರದರ್ಶನದಲ್ಲಿ ನಿನ್ನ ಹೆಸರಿನ ಚೀಟಿ ಹಾಕಿ ಇಡುತ್ತೇನೆ, ಜನ ಮೆಚ್ಚಿದರೆ ಕೆಲಸಕ್ಕೇ ಇಟ್ಟುಕೊಳ್ಳುತ್ತೇನೆ.

ತ್ರಿವೇಣಿ ದಿನಾ ಬೆಳಿಗ್ಗೆ ಬಸ್ಸು ಹತ್ತಿದಳು. ಕೊಂಡ್ಲಹಳ್ಳಿ ಕಡೆಯಿಂದ ಸಂತೆಗೆ ಹೊರಟವರ ಬುಟ್ಟಿಗಳ ನಡುವೆ ನಿಂತು, ತಳಕು ದಾಟಿದ ಮೇಲೆ ಸೀಟು ಸಿಕ್ಕರೆ ಕೂತು, ಬಣ್ಣದ ಪೆನ್ಸಿಲಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೋಗುವಳು.

ಆ ಚೀಲ ಬಿಚ್ಚುವ ಪ್ರಸಂಗವೇ ಬರಲಿಲ್ಲ ಅನ್ನಿ. ಮೊದಲ ದಿನ ಮೇಡಂ ಕೈಗೆ ಇಸ್ತ್ರಿಪೆಟ್ಟಿಗೆ ಕೊಟ್ಟರು. ಸೀರೆಯನ್ನು ಮುಟ್ಟಿ ಮುಟ್ಟಿಯೇ ಬಟ್ಟೆ ಅರ್ಥವಾಗಬೇಕು ಅಂದರು. ಸರಿ ಅಂತ ಮುಟ್ಟಿದಳು. ಮರುವಾರ ಚೀಟಿ ಕಟ್ಟುವ ಕೆಲಸ. ಆಮೇಲೆ ಫೋಟೋ ತೆಗೆಯುವಾಗ ಹಿಂದೆ ಬಿಳಿ ಬಟ್ಟೆ ಹಿಡಿದು ನಿಲ್ಲುವ ಕೆಲಸ. ಆಮೇಲೆ ಕುದಾಪುರದವರು ಬಂದರೆ ಟೀ ತರುವುದು, ಅವರು ಬಿಚ್ಚಿ ಹರಡಿ ಹೋದ ಸೀರೆಗಳನ್ನು ಮಡಿಸುವುದು. ಡಿಸೈನ್ ತೋರಿಸಲಾ ಅಂತ ಕೇಳಿದಾಗಲೆಲ್ಲ ಮೇಡಂ, ತೋರಿಸೋಣ ತೋರಿಸೋಣ, ಮೊದಲು ಆ ರ‍್ಯಾಕು ಒರೆಸಿಬಿಡು ಅನ್ನುವರು. ಕೆಟ್ಟವರೇನಲ್ಲ. ಬಾಯಿ ತುಂಬ ಪುಟ್ಟಾ ಅಂತ ಕರೆಯುವರು. ಹುಡುಗಿಗೆ ಸಂಜೆ ಬಸ್ಸಿನಲ್ಲಿ ಬರುವಾಗ ಮೈಯೆಲ್ಲ ಇಸ್ತ್ರಿಯ ಹಬೆ, ಪಕ್ಕದ ಮಿಲ್ಲಿನ ಶೇಂಗಾ ಹಿಂಡಿಯ ವಾಸನೆ.

ಮನೆಯಲ್ಲಿ ಅವಳು ಇದನ್ನು ಹೇಳಲಿಲ್ಲ. ಗೋವಿಂದಮ್ಮ ಇವತ್ತೇನು ಬರೆದೆ ಅಂತ ಕೇಳಿದರೆ, ನಿನಗೆ ಅರ್ಥವಾಗಲ್ಲ ಬಿಡು ಅಂತ ಒಂದೇ ಏಟಿಗೆ ಮಾತು ಮುಗಿಸುವಳು.

ಇಷ್ಟೇ ಆಗಿದ್ದರೆ ನಿರಾಸೆಯ ಕಥೆಯಾಗಿ ಮುಗಿಯುತ್ತಿತ್ತು. ಹೊಟ್ಟೆಕಿಚ್ಚಿನ ಕಥೆಯಾದದ್ದು ಮೇಡಂ ಮೊಳಕಾಲ್ಮೂರಿಗೆ ಬಂದ ಮೇಲೆ.

ಮಗ್ಗದ ಫೋಟೋ ಬೇಕು ಅಂತ ಅವರು ಕ್ಯಾಮೆರಾದವನನ್ನು ಕರೆದುಕೊಂಡು ಪೆದ್ದಣ್ಣನ ಮನೆಗೇ ಬಂದರು. ಪೆದ್ದಣ್ಣ ಅದಕ್ಕಾಗಿ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಗುಣಿಯಲ್ಲಿ ಕೂತಿದ್ದ. ಕ್ಯಾಮೆರಾದವನು ಎರಡು ಸಲ ಕ್ಲಿಕ್ಕಿಸಿ, ತಲೆ ಓರೆ ಮಾಡಿ ನೋಡಿ, ಅಡುಗೆಮನೆ ಬಾಗಿಲಲ್ಲಿ ಇಣುಕುತ್ತಿದ್ದ ಗೋವಿಂದಮ್ಮನನ್ನು ಕಂಡ. ಅಕ್ಕ, ನೀವೊಂಚೂರು ಕೂತ್ಕೊಳ್ರಿ ಅಂದ. ಪೆದ್ದಣ್ಣ ಎದ್ದ, ಗೋವಿಂದಮ್ಮ ಕೂತಳು. ಕಿಟಕಿಯ ಬೆಳಕು ಅವಳ ಕೆನ್ನೆಗೆ ಬಿತ್ತು. ಅಲ್ಲಿಗೆ ಮುಗಿಯಿತು. ಆ ಹೊತ್ತು ಬೇರೆ ಯಾರ ಫೋಟೋವನ್ನೂ ತೆಗೆಯಲಿಲ್ಲ. ತ್ರಿವೇಣಿ ಎಂದಿನಂತೆ ಹಿಂದೆ ಬಿಳಿ ಬಟ್ಟೆ ಹಿಡಿದು ನಿಂತಿದ್ದಳು.

ಫೋಟೋಗಳು ಜನರ ಫೋನುಗಳಲ್ಲಿ ಓಡಾಡಿದವು. ಸೀರೆ ಕೊಳ್ಳಲು ಬಂದವರು ಇವರು ಎಲ್ಲಿ, ಇವರನ್ನು ನೋಡಬೇಕು ಅನ್ನತೊಡಗಿದರು. ಮೇಡಂ ಸ್ಟುಡಿಯೋದ ಗಾಜಿನ ಬಾಗಿಲ ಹಿಂದೆ ಒಂದು ಸಣ್ಣ ಮಗ್ಗ ಹಾಕಿಸಿ, ನೀವು ಬಂದು ಸುಮ್ಮನೆ ಕೂತು ನೇಯ್ದು ತೋರಿಸಿದರೆ ಸಾಕು ಅಂತ ಗೋವಿಂದಮ್ಮನನ್ನು ಕರೆದರು. ಗೋವಿಂದಮ್ಮ ಬೇಡ ಅನ್ನುವ ನಾಟಕವನ್ನೂ ಆಡಲಿಲ್ಲ. ಆಗಲೇ ಹೊಸ ರವಿಕೆಗೆ ಅಳತೆ ಕೊಟ್ಟು ಬಂದಳು. ಮನೆಯ ಮಗ್ಗದಲ್ಲಿ ಅಂಚಿನ ಲಾಳಿ ಎಸೆಯಲು ಜಯಕ್ಕ ಬಂದು ಕೂತಳು.

ಹೀಗೆ ಅದೇ ಬಸ್ಸಿಗೆ ಈಗ ಇಬ್ಬರು. ಗೋವಿಂದಮ್ಮನಿಗೆ ಕಿಟಕಿಯ ಸೀಟು ಬೇಕು. ಬಿ.ಜಿ.ಕೆರೆ ದಾಟುವಷ್ಟರಲ್ಲಿ ಹಿಂದಿನ ಸೀಟಿನವರ ಜೊತೆ ಸ್ನೇಹವಾಗಿರುತ್ತಿತ್ತು. ಸ್ಟುಡಿಯೋದಲ್ಲಿ ಅವಳಿಗೆ ದಿಂಬಿನ ಕುರ್ಚಿ, ಹೂವಿನ ಚಿತ್ರದ ಪಿಂಗಾಣಿ ಬಟ್ಟಲಲ್ಲಿ ಕಾಫಿ. ಆ ಬಟ್ಟಲು ತಂದುಕೊಡುವವಳು ತ್ರಿವೇಣಿ. ಗೋವಿಂದಮ್ಮ ಏನಾದರೂ ಹೇಳಿದರೆ ಅದನ್ನು ಇಂಗ್ಲಿಷಿನಲ್ಲಿ ಬಂದವರಿಗೆ ಹೇಳುವವಳೂ ತ್ರಿವೇಣಿ. ಬಂದವರು ತಾಯಿಯ ಕೈ ಹಿಡಿದು ನೋಡಿ, ಆಮೇಲೆ ಮಗಳ ಕಡೆ ತಿರುಗಿ, ನೀನು ಎಷ್ಟು ಅದೃಷ್ಟವಂತೆ ಅನ್ನುವರು. ಅದನ್ನು ಮಾತ್ರ ಅವಳು ಅಮ್ಮನಿಗೆ ಅನುವಾದ ಮಾಡುತ್ತಿರಲಿಲ್ಲ.

ಒಂದು ಶುಕ್ರವಾರ ಸ್ಟುಡಿಯೋದ ಬಾಗಿಲು ಖಾಲಿ ಕಂಡಿತು ಅಂತ ಗೋವಿಂದಮ್ಮ ರಂಗೋಲಿ ಹಾಕಿದಳು. ಅವಳ ತವರಿನಲ್ಲಿ ಮದುವೆಮನೆಯ ಮುಂದೆ ಹಾಕುವ ರಂಗೋಲಿ ಅದು. ನಡುವೆ ಒಂದು ದೀಪ, ಸುತ್ತ ಗಿಳಿಗಳು, ಒಂದರ ಬಾಲ ಹಿಡಿದಂತೆ ಇನ್ನೊಂದು. ದೇವರಿಗೆ ನಾವು ಬಲ ಬರುವ ಹಾಗೆ ಆ ಗಿಳಿಗಳೂ ದೀಪವನ್ನು ಬಲಕ್ಕೆ ಸುತ್ತುತ್ತವೆ. ಮೇಡಂ ಕಾರಿನಿಂದ ಇಳಿದವರು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು. ಫೋನು ತೆಗೆದು ಎಲ್ಲ ಕಡೆಯಿಂದ ಫೋಟೋ ಹಿಡಿದರು. ಆಮೇಲೆ ಒಳಗೆ ಬಂದು ತ್ರಿವೇಣಿಯನ್ನು ಕರೆದರು.

"ಪುಟ್ಟಾ, ಕುದಾಪುರದ ಸೀರೆಗೆ ಇದೇ ಡಿಸೈನ್. ಅಮ್ಮನ ಹೆಸರಲ್ಲಿ ಮಾಡೋಣ. ನೀನು ಗ್ರಾಫ್ ಹಾಕಿಕೊಡ್ತೀಯಲ್ಲ?"

ನನ್ನ ಡಿಸೈನ್ ಅಂತ ತ್ರಿವೇಣಿ ಬಾಯಿ ತೆರೆದಳು. ಮೇಡಂ ಅವಳ ಹೆಗಲು ತಟ್ಟಿ, ಮುಂದಿನ ಸಲ ನೋಡೋಣ, ಹೆಸರು ಮನೆಯಲ್ಲೇ ಉಳಿಯಿತಲ್ಲ ಅಂದರು. ಹೊರಗೆ ಗೋವಿಂದಮ್ಮ ಮಗಳ ಕಡೆ ನೋಡಲಿಲ್ಲ. ಬೆರಳಿಗೆ ಅಂಟಿದ್ದ ರಂಗೋಲಿ ಪುಡಿಯನ್ನು ಒರೆಸಿಕೊಳ್ಳುತ್ತ, ಎಷ್ಟು ತಡೆದರೂ ನಿಲ್ಲದ ಒಂದು ನಗುವನ್ನು ತುಟಿಯೊಳಗೇ ಇಟ್ಟುಕೊಂಡಿದ್ದಳು. ತ್ರಿವೇಣಿ ಆ ನಗುವನ್ನು ಗಾಜಿನ ಮೂಲಕ ನೋಡಿದಳು.

ಈಗ ಒಂದು ವಿಷಯ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಇವರ ಮಗ್ಗದಲ್ಲಿ ಸೀರೆಯನ್ನು ಮುಖ ಕೆಳಗೆ ಮಾಡಿ ನೇಯುತ್ತಾರೆ. ನೇಯುವವನ ಕಣ್ಣಿಗೆ ಬೀಳುವುದು ಬೆನ್ನು. ಕಾಗದದ ಮೇಲೆ ಹೇಗೆ ಬರೆದಿದೆಯೋ ಹಾಗೇ ದಪ್ಪ ರಟ್ಟಿನ ಅಟ್ಟೆಗೆ ತೂತು ಹೊಡೆದು ಮಗ್ಗಕ್ಕೆ ಕಟ್ಟಿದರೆ, ಬರೆದದ್ದು ಬೆನ್ನಿನ ಮೇಲೆ ಸರಿಯಾಗಿ ಕಾಣುತ್ತದೆ, ಮುಖದ ಮೇಲೆ ಉಲ್ಟಾ ಆಗುತ್ತದೆ. ಮಾವಿನಕಾಯಿ, ರುದ್ರಾಕ್ಷಿ, ಗೋಪುರದ ಅಂಚು, ಇವಕ್ಕೆಲ್ಲ ಎಡವೇನು ಬಲವೇನು? ಎರಡು ಕಡೆಯಿಂದಲೂ ಒಂದೇ. ಹಾಗಾಗಿ ಓಣಿಯಲ್ಲಿ ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಂಡವರಲ್ಲ. ಆದರೆ ದೀಪವನ್ನು ಸುತ್ತುವ ಗಿಳಿಗೆ ಎಡ ಬಲ ಇದೆ. ಬಲಕ್ಕೆ ಸುತ್ತಿದರೆ ಮದುವೆ, ಮುಂಜಿ, ದೇವರು. ಎಡಕ್ಕೆ ಸುತ್ತುವುದು ಯಾವಾಗ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಣದ ಸುತ್ತ ಮಾತ್ರ.

ತ್ರಿವೇಣಿ ಗ್ರಾಫ್ ಕಾಗದದಲ್ಲಿ ಚೌಕ ಚೌಕವಾಗಿ ಗಿಳಿಗಳನ್ನು ತುಂಬಿದಳು. ಅಷ್ಟು ಚೆಂದದ ಗ್ರಾಫನ್ನು ಅವಳು ಕಾಲೇಜಿನಲ್ಲೂ ಹಾಕಿರಲಿಲ್ಲ. ಗಿಳಿಗಳು ಕಾಗದದ ಮೇಲೆ ಬಲಕ್ಕೆ ಸುತ್ತಿದವು. ಮೊಳಕಾಲ್ಮೂರಿನಲ್ಲಿ ಅಟ್ಟೆ ಹೊಡೆಯುವವನು ರಾಮಾಂಜನೇಯ. ಕನ್ನಡಕವನ್ನು ಹಣೆಗೆ ಏರಿಸಿ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದ:

"ತಿರುಗಿಸಿ ಹೊಡೀಲೇನಮ್ಮಾ, ಇದ್ದಂಗೇನಾ?"

ಅಟ್ಟೆ ಹೊಡೆಯುವ ಯಂತ್ರದ ಪಕ್ಕ ಅವನ ಟೀ ಲೋಟದ ಮೇಲೆ ನೊಣ ಕೂತಿತ್ತು. ತ್ರಿವೇಣಿ ಅದನ್ನೇ ನೋಡುತ್ತ ನಿಂತಳು. ಗಾಜಿನ ಆಚೆ ಕಂಡ ಆ ನಗು ಅವಳ ಕಣ್ಣ ಮುಂದೆ ಬಂತು.

"ಇದ್ದಂಗೇ ಹೊಡೀರಿ," ಅಂದಳು.

ಅಷ್ಟೇ. ಗೊತ್ತಿಲ್ಲದೆ ಅಂದದ್ದಲ್ಲ, ಮರೆತು ಅಂದದ್ದೂ ಅಲ್ಲ.

ಪೆದ್ದಣ್ಣ ನೇಯ್ದ. ಎಳೆ ತಪ್ಪಿದೆಯೋ ಅಂತ ನೋಡಲು ಅವನು ಬಟ್ಟೆಯ ಕೆಳಗೆ ಒಂದು ಸಣ್ಣ ಕನ್ನಡಿ ಹಿಡಿಯುತ್ತಿದ್ದ. ಕನ್ನಡಿ ಉಲ್ಟಾವನ್ನು ಮತ್ತೆ ಉಲ್ಟಾ ಮಾಡುತ್ತದಲ್ಲ, ಅದರೊಳಗೂ ಗಿಳಿಗಳು ಬಲಕ್ಕೇ ಹೋಗುತ್ತಿದ್ದವು. ನಿನ್ನ ಹೆಂಡ್ತಿ ಗಿಳಿ ಚೆಂದಾಗವೆ ಅಂತ ಜಯಕ್ಕ ಲಾಳಿ ಎಸೆಯುತ್ತ ಹೇಳಿದಳು. ಪೆದ್ದಣ್ಣ ಹೂಂ ಅಂದ. ಸೀರೆ ಸುತ್ತಿಕೊಳ್ಳುತ್ತ ಹೋಯಿತು. ತ್ರಿವೇಣಿ ಆ ದಿನಗಳಲ್ಲಿ ಮಗ್ಗದ ಕೋಣೆಯನ್ನು ಗೋಡೆಗೆ ಒತ್ತಿಕೊಂಡು ದಾಟುತ್ತಿದ್ದಳು. ಅವಳು ಮನಸ್ಸಿನಲ್ಲಿ ಒಂದೇ ಗಳಿಗೆಯನ್ನು ಮತ್ತೆ ಮತ್ತೆ ನೋಡಿಕೊಳ್ಳುತ್ತಿದ್ದಳು: ಕುದಾಪುರದ ಪ್ರದರ್ಶನದ ಹಾಲಿನಲ್ಲಿ ಯಾರೋ ಒಬ್ಬರು ಬೆರಳು ಮಾಡಿ ತೋರಿಸುತ್ತಾರೆ, ಎಲ್ಲರೂ ಅಮ್ಮನ ಕಡೆ ತಿರುಗುತ್ತಾರೆ, ಆ ನಗು ಮುಖದಿಂದ ಇಳಿದುಹೋಗುತ್ತದೆ.

ಪ್ರದರ್ಶನದ ದಿನ ಗೋವಿಂದಮ್ಮ ಮೇಡಂ ಕಾರಿನಲ್ಲಿ ಮುಂಚೆಯೇ ಹೋದಳು. ಪೆದ್ದಣ್ಣ ಸೀರೆ ಕತ್ತರಿಸಿ ಎಳೆಗಳ ತುದಿ ಗಂಟು ಹಾಕುತ್ತಿದ್ದಂತೆಯೇ, ಹೊತ್ತಾಯಿತು ಅಂತ ತ್ರಿವೇಣಿ ಅದನ್ನು ಕಿತ್ತುಕೊಂಡ ಹಾಗೆ ತೆಗೆದು, ಬೆನ್ನು ಹೊರಗಾಗಿ ಮಡಿಸಿ, ಚೀಲಕ್ಕೆ ತುಂಬಿ ಓಡಿದಳು. ಹಾಲಿನಲ್ಲಿ ಅದನ್ನು ಎತ್ತರದ ಕೋಲಿಗೆ ಹರಡಿದವಳೂ ಅವಳೇ. ಕೆಳಗೆ ಚೀಟಿ: ವಿನ್ಯಾಸ, ಗೋವಿಂದಮ್ಮ, ಮೊಳಕಾಲ್ಮೂರು.

ಕುದಾಪುರದ ಹೆಂಗಸರು ಅರ್ಧ ಚಂದ್ರದ ಹಾಗೆ ನಿಂತಿದ್ದರು. ಯಾವ ಯಾವ ರಾಜ್ಯದವರೋ. ಗೋವಿಂದಮ್ಮ ಹೊಸ ರವಿಕೆ ಹಾಕಿಕೊಂಡು ಮುಂದೆ ಬಂದಳು, ತಿರುಗಿ ಸೀರೆಯ ಕಡೆ ಕೈ ಮಾಡಿದಳು. ಕೈ ಅಲ್ಲೇ ನಿಂತಿತು. ನೇಕಾರರ ಮನೆಯವಳ ಕಣ್ಣು, ಎಷ್ಟು ಹೊತ್ತು ಬೇಕು? ಗಿಳಿಗಳು ದೀಪವನ್ನು ಎಡಕ್ಕೆ ಸುತ್ತುತ್ತಿದ್ದವು. ಅವಳು ಮಗಳನ್ನು ನೋಡಿದಳು. ಮಗಳು ಕಣ್ಣು ತಪ್ಪಿಸಲಿಲ್ಲ. ಅಷ್ಟರಿಂದಲೇ ಅವಳಿಗೆ ತಿಳಿಯಿತು.

ಆಮೇಲೆ ಗೋವಿಂದಮ್ಮ ಮಾತಾಡಿದಳು. ತನ್ನ ತವರು, ಅಜ್ಜಿ ಹಾಕುತ್ತಿದ್ದ ರಂಗೋಲಿ, ಮದುವೆಮನೆಗೆ ಬೆಳಕು ಬರಲಿ ಅಂತ ದೀಪವನ್ನು ಬಲ ಬರುವ ಗಿಳಿಗಳು. ಒಂದೊಂದು ವಾಕ್ಯಕ್ಕೂ ನಿಲ್ಲಿಸಿ ಮಗಳ ಮುಖ ನೋಡುವಳು. ಮಗಳು ಆ ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಬಲಕ್ಕೆ ಸುತ್ತುವ ಗಿಳಿಗಳು ಅಂತ ತ್ರಿವೇಣಿ ತನ್ನ ಬಾಯಾರೆ ಹೇಳಿದಳು. ಹೇಳಿ ಕಾದಳು. ಒಬ್ಬರೂ ಬೆರಳು ಮಾಡಲಿಲ್ಲ. ಎಷ್ಟು ಚೆಂದ ಅಂದರು, ಫೋಟೋ ತೆಗೆದರು, ಚಪ್ಪಾಳೆ ತಟ್ಟಿದರು. ಗೋವಿಂದಮ್ಮನ ನಗು ಕೊನೆಯ ತನಕ ಹಾಗೇ ಇತ್ತು. ಅದು ಹೇಗೆ ಇಟ್ಟುಕೊಂಡಳೋ.

ಒಬ್ಬಾಕೆ ಬಂದು, ನನ್ನ ಮಗಳ ಧಾರೆಗೆ ಇದೇ ಸೀರೆ ಬೇಕು ಅಂದಳು. ಮೇಡಂ ಆಗಲೇ ಕೋಲಿನಿಂದ ಇಳಿಸಲು ಕೈ ಹಾಕಿದ್ದರು. ಗೋವಿಂದಮ್ಮ ಮೆಲ್ಲಗೆ ನಡುವೆ ಬಂದು, ಇದು ನೋಡೋಕೆ ಇಟ್ಟಿದ್ದಮ್ಮ, ನಿಮ್ಮ ಮಗಳಿಗೆ ಬೇರೆ ನೇಯ್ದು ಕೊಡ್ತೀವಿ, ಇದನ್ನ ಎಲ್ಲರೂ ಮುಟ್ಟಿದಾರೆ ಅಂದಳು. ಆ ಹೆಂಗಸು ಸಂತೋಷದಿಂದ ಒಪ್ಪಿದಳು. ಮೇಡಂ ಮುಖ ಸ್ವಲ್ಪ ಗಂಟಾಯಿತು.

ವಾಪಸ್ಸು ಬರುವಾಗ ಗೋವಿಂದಮ್ಮ ಕಾರು ಹತ್ತಲಿಲ್ಲ, ಮಗಳ ಜೊತೆ ಬಸ್ಸಿಗೇ ಬರ್ತೀನಿ ಅಂದಳು. ಚಳ್ಳಕೆರೆಗೆ ಬಂದು ಬಸ್ಸು ಬದಲಾಯಿಸಿದರು. ಸಂಜೆಯ ಬಿಸಿಲು ಇನ್ನೂ ಇತ್ತು. ಕಿಟಕಿಯ ಸೀಟು ಖಾಲಿ ಇದ್ದರೂ ಅವಳು ಅದರಲ್ಲಿ ಕೂರಲಿಲ್ಲ, ಮಗಳನ್ನು ಒಳಗೆ ದೂಡಿ ಪಕ್ಕ ಕೂತಳು. ತಳಕು ಬಂದಾಗ ತೆಲುಗಿನಲ್ಲಿ, ಬೇರೆಯವರಿಗೆ ಕೇಳದ ಹಾಗೆ ಶುರು ಮಾಡಿದಳು.

"ಏಮೇ, ರಾಮಾಂಜನೇಯ ಕೇಳ್ಲಿಲ್ವಾ ನಿನ್ನ?"

"ಕೇಳ್ದ."

"ಏನಂದೆ?"

"ಇದ್ದಂಗೇ ಅಂದೆ."

ಗೋವಿಂದಮ್ಮ ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡಳು. ಬೈಗುಳ ಬರುತ್ತದೆ ಅಂತ ತ್ರಿವೇಣಿ ಕಾಯುತ್ತಿದ್ದಳು. ಬೈಗುಳಕ್ಕೆ ಉತ್ತರ ಅವಳ ಹತ್ತಿರ ಸಿದ್ಧವಾಗಿತ್ತು.

"ನಿನ್ನ ಹಾಸ್ಟೆಲ್ಲಿಗೆ ಬಿಡೋಕೆ ಬಂದಿದ್ನಲ್ಲ," ಅಂದಳು ಗೋವಿಂದಮ್ಮ. "ನಿನ್ನ ಮಂಚದ ಪಕ್ಕ ಇನ್ನೊಂದು ಮಂಚ ಖಾಲಿ ಇತ್ತು. ನಾನು ಅದರ ಮೇಲೆ ಕೂತ್ಕೊಂಡೆ. ನಿಮ್ಮ ನಾಯ್ನ ಹೊರಗಿಂದ ಕರೆದ, ಬಸ್ಸು ಹೋಗ್ತೈತೆ ಬಾ ಅಂತ. ನಂಗೆ ಏಳೋಕೆ ಮನಸ್ಸಿರಲಿಲ್ಲ ಕಣೆ. ಇವಳನ್ನ ಮನೆಗೆ ಕಳಿಸಿ ನಾನೇ ಇಲ್ಲಿ ಇದ್ದುಬಿಟ್ರೆ ಅನ್ನಿಸ್ತು. ಹೆತ್ತ ಮಗಳ ಮೇಲೆ ಅಂಥಾ ಹೊಟ್ಟೆಕಿಚ್ಚು ಬಂತು ನಂಗೆ ಅವತ್ತು."

ತ್ರಿವೇಣಿ ತಿರುಗಿ ನೋಡಿದಳು.

"ನೀನು ಕಾಲೇಜಿಗೆ ಹೋದೆ. ನಂಗೆ ಒಂದು ರಂಗೋಲಿ ಸಿಕ್ತು. ನಿನ್ನ ಪಾಲಿಂದು ಅದು ಅಂತ ಗೊತ್ತಿತ್ತು, ಆದ್ರೂ ಬೇಡ ಅನ್ನಲಿಲ್ಲ ನಾನು. ಬೇಡ ಅನ್ನೋಕೆ ಇಷ್ಟ ಇರಲಿಲ್ಲ. ನೀನು ನನ್ನ ಜತೆ ಜಗಳ ಆಡಿದ್ರೆ ನಾನೂ ಆಡ್ತಿದ್ದೆ. ಒಂದು ಮದುವೆ ಹುಡುಗಿ ಮೈಮೇಲೆ ಅದನ್ನ ಸುತ್ತೋಕೆ ಬಿಡ್ತಿದ್ಯಲ್ಲೇ?"

ತ್ರಿವೇಣಿ ಕಿಟಕಿಯ ಕಡೆ ಮುಖ ಮಾಡಿದಳು. ಹೊರಗೆ ಕುರಿಗಳು ರಸ್ತೆ ದಾಟುತ್ತಿದ್ದವು, ಬಸ್ಸು ನಿಂತೇ ಇತ್ತು.

ಮರುದಿನ ಅವಳು ಸ್ಟುಡಿಯೋಗೆ ಒಬ್ಬಳೇ ಹೋದಳು. ಹೋದವಳು ಇಸ್ತ್ರಿಪೆಟ್ಟಿಗೆ ಮುಟ್ಟದೆ ಕೂತು, ಮಧ್ಯಾಹ್ನದ ತನಕ ಹೊಸ ಗ್ರಾಫ್ ಹಾಕಿದಳು. ಈ ಸಲ ಗಿಳಿಗಳು ಕಾಗದದ ಮೇಲೆ ಎಡಕ್ಕೆ ಸುತ್ತಿದವು, ಸೀರೆಯ ಮುಖದ ಮೇಲೆ ಬಲಕ್ಕೆ ಬರಲಿ ಅಂತ. ಅದನ್ನು ಮೇಡಂ ಮುಂದೆ ಇಟ್ಟು, ಮೊದಲಿನದನ್ನು ತಾನು ಬೇಕೆಂದೇ ಉಲ್ಟಾ ಬಿಟ್ಟೆ, ಅಮ್ಮನಿಗೆ ಅವಮಾನವಾಗಲಿ ಅಂತ ಬಿಟ್ಟೆ ಅಂತ ಹೇಳಿದಳು.

ಮೇಡಂ ಎರಡು ಕಾಗದಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಎರಡೂ ಚೆನ್ನಾಗೇ ಇದೆಯಲ್ಲ ಅಂದರು. ಎಡ ಬಲದ ವಿಚಾರ ತ್ರಿವೇಣಿ ಬಿಡಿಸಿ ಹೇಳಿದ ಮೇಲೆ, ಹೌದಾ, ನಮ್ಮಜ್ಜಿನೂ ಹೀಗೆಲ್ಲ ಹೇಳೋರು, ಆದರೆ ಸೀರೆಗೆ ಯಾರು ನೋಡ್ತಾರೆ ಅಂದರು. ಅವರಿಗೆ ಸಿಟ್ಟು ಬರಲಿಲ್ಲ. ತಾನು ಹುಟ್ಟಿದಾಗಿನಿಂದ ಮಾಡಿದ ಅತಿ ಕೆಟ್ಟ ಕೆಲಸವನ್ನು ಒಪ್ಪಿಕೊಂಡು ನಿಂತರೆ, ಎದುರಿಗಿದ್ದವರಿಗೆ ಅದು ಕೆಟ್ಟದ್ದು ಅಂತಲೇ ತಿಳಿಯಲಿಲ್ಲ ಅಂದರೆ ಹೇಗಿರುತ್ತದೆ ಹೇಳಿ.

ಅಲ್ಲಿಗೂ ನಿಲ್ಲಲಿಲ್ಲ. ಮೇಡಂಗೆ ಒಂದು ಯೋಚನೆ ಹೊಳೆಯಿತು. ಅಟ್ಟೆ ಹೇಗೂ ಹೊಡೆದಾಗಿದೆ, ಎಡಕ್ಕೆ ಸುತ್ತುವುದನ್ನೂ ಮಾರೋಣ. ಮದುವೆಗೆ ಅಂತ ಬೇಡ, ಬೇರೆ ಬಣ್ಣದಲ್ಲಿ, ಮಾಮೂಲು ಉಡೋಕೆ.

"ಅಮ್ಮ ಅದಕ್ಕೆ ಹೆಸರು ಕೊಡಲ್ಲ ಅನ್ನಬಹುದು," ಅಂದರು ಮೇಡಂ. "ಅದಕ್ಕೆ ನಿನ್ನ ಹೆಸರು ಹಾಕ್ಲಾ ಪುಟ್ಟಾ?"

ತ್ರಿವೇಣಿ ಮೇಜಿನ ಅಂಚನ್ನು ಹಿಡಿದುಕೊಂಡಳು. ವಿನ್ಯಾಸ, ತ್ರಿವೇಣಿ, ಮೊಳಕಾಲ್ಮೂರು. ಬಸ್ಸಿನಲ್ಲಿ ನಿಂತು, ಇಸ್ತ್ರಿ ಮಾಡಿ, ಟೀ ತಂದು ಕಾದದ್ದು ಈ ಚೀಟಿಗೇ. ಕೊಡುವವರು ಎದುರಿಗೆ ಕೂತು ಕೊಡುತ್ತಿದ್ದಾರೆ. ಹೂಂ ಅಂದರೆ ಸಾಕು. ಅವಳು ಕಾಗದದ ಮೇಲಿನ ಗಿಳಿಗಳನ್ನು ನೋಡಿದಳು. ಕೊಕ್ಕು ಅಮ್ಮನದು, ಬಾಲ ಅಮ್ಮನದು, ದೀಪ ಅಮ್ಮನ ಅಜ್ಜಿಯದು. ತನ್ನದು ಅಂತ ಅದರಲ್ಲಿ ಇದ್ದದ್ದು ತಿರುಗಿಸಿದ್ದು ಒಂದೇ.

"ಬ್ಯಾಡ ಮೇಡಂ," ಅಂದಳು. "ಅದು ಅವಳದೇ."

ಹಾಗಂದ ಮೇಲೂ ಮನಸ್ಸು ತಂಪಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಬಸ್ಸಿನ ತುಂಬ ಅವಳು ಆ ಚೀಟಿಯನ್ನು ನೆನೆದುಕೊಂಡೇ ಬಂದಳು. ಸ್ಟುಡಿಯೋಗೆ ಅವಳು ಹೋದದ್ದು ಅವತ್ತೇ ಕೊನೆ. ಮೇಡಂ ಸರ್ಟಿಫಿಕೇಟನ್ನು ಗೋವಿಂದಮ್ಮನ ಕೈಯಲ್ಲಿ ಕಳಿಸಿಕೊಟ್ಟರು. ಸಮಯಪಾಲನೆ ಚೆನ್ನಾಗಿದೆ ಅಂತ ಬರೆದಿತ್ತು. ಎಡಕ್ಕೆ ಸುತ್ತುವ ಗಿಳಿಯ ಅಟ್ಟೆಗಳನ್ನು ಪೆದ್ದಣ್ಣ ಯಾರಿಗೂ ಹೇಳದೆ ನೀರೊಲೆಗೆ ಹಾಕಿದ. ಏನಾಯಿತು ಅಂತ ಅವನು ಹೆಂಡತಿಯನ್ನೂ ಕೇಳಲಿಲ್ಲ, ಮಗಳನ್ನೂ ಕೇಳಲಿಲ್ಲ. ಬಲಕ್ಕೆ ಸುತ್ತುವ ಗಿಳಿಗಳನ್ನು ನೇಯ್ದ, ಕುದಾಪುರದ ಮದುವೆ ಹುಡುಗಿ ಅದನ್ನು ಉಟ್ಟಳು.

ಆಮೇಲೆ ಗೋವಿಂದಮ್ಮನಿಗೆ ಬೇಡಿಕೆ ಇನ್ನೂ ಏರಿತು. ಮೇಡಂ ಸ್ಟುಡಿಯೋದ ಹಿಂದೆ ಎರಡು ಕೋಣೆ ಕಟ್ಟಿಸಿ, ಮಗ್ಗದ ಸಮೇತ ಇಲ್ಲಿಗೇ ಬಂದುಬಿಡಿ ಅಂದರು. ಮೊಳಕಾಲ್ಮೂರಿನ ಮನೆ ಬಾಡಿಗೆಯದು, ಬಿಡುವುದೆಂದು ತೀರ್ಮಾನವಾಯಿತು. ಚಳ್ಳಕೆರೆಯಲ್ಲಿ ಮನೆ, ಮನೆಯ ಮುಂದೆ ಗಾಜಿನ ಬಾಗಿಲು, ಗೋಡೆಯ ಮೇಲೆ ಆಳೆತ್ತರದ ಫೋಟೋ, ಎಲ್ಲ ಅಮ್ಮನದು. ತ್ರಿವೇಣಿಗೆ ಅಲ್ಲೂ ಒಂದು ಮಂಚ ಹಾಕಿಸುತ್ತೇನೆ ಅಂತ ಗೋವಿಂದಮ್ಮ ಹೇಳಿದ್ದಳು. ತ್ರಿವೇಣಿ ಅಷ್ಟರಲ್ಲೇ ಧರ್ಮಾವರದಲ್ಲಿ ಒಂದು ಕೆಲಸ ಹುಡುಕಿಕೊಂಡಿದ್ದಳು. ಕಂಪ್ಯೂಟರಿನಲ್ಲಿ ಗ್ರಾಫ್ ಹಾಕಿ ಅಟ್ಟೆ ಹೊಡೆಸಿಕೊಡುವ ಅಂಗಡಿ. ನೇಕಾರರು ಯಾವುದೋ ಹಳೆಯ ಸೀರೆಯ ತುಂಡು ತಂದು ಕೊಟ್ಟರೆ ಅದನ್ನು ನೋಡಿ ಇಳಿಸಿಕೊಡಬೇಕು.

ಅವಳು ಹೊರಟ ಬೆಳಿಗ್ಗೆ ಮನೆಯಲ್ಲಿ ಅರ್ಧ ಸಾಮಾನು ಕಟ್ಟಾಗಿತ್ತು. ಮಗ್ಗ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಗುಣಿ ಬಾಯಿ ತೆರೆದುಕೊಂಡಿತ್ತು, ಮನೆಯ ಮಾಲೀಕ ಸಂಜೆ ಬಂದು ಮಣ್ಣು ತುಂಬಿಸುವವನಿದ್ದ. ಪೆದ್ದಣ್ಣ ಮಗಳ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಗೋವಿಂದಮ್ಮನನ್ನು ಟಿವಿಯವರು ನೋಡಲು ಬರುವುದಿತ್ತು, ಹಾಗಾಗಿ ಬಸ್‌ಸ್ಟ್ಯಾಂಡಿಗೆ ಅವಳು ಬರುವಂತಿರಲಿಲ್ಲ. ತಲೆ ಬಾಚಿಕೊಳ್ಳುತ್ತಲೇ ಅಡುಗೆಮನೆಯಿಂದ ಬಂದು, ಬಾಳೆಲೆಯಲ್ಲಿ ಕಟ್ಟಿದ ಚಿತ್ರಾನ್ನವನ್ನು ಮಗಳ ಕೈಗೆ ಇಟ್ಟಳು. ನೀಲಿ ರವಿಕೆ ಅವಳಿಗೆ ಬಹಳ ಒಪ್ಪುತ್ತಿತ್ತು. ಅದು ತ್ರಿವೇಣಿಯ ಕಣ್ಣಿಗೆ ಬೀಳದೆ ಇರಲಿಲ್ಲ.

"ಅಲ್ಲಿ ನಿನ್ನ ಹೆಸರು ಹಾಕ್ತಾರಾ?" ಅಂತ ಕೇಳಿದಳು ಗೋವಿಂದಮ್ಮ.

"ಇಲ್ಲ. ಅಲ್ಲಿ ಯಾರ ಹೆಸರೂ ಹಾಕಲ್ಲ."

ಗೋವಿಂದಮ್ಮ ಬಾಚಣಿಗೆಯನ್ನು ಜಡೆಯಲ್ಲೇ ಬಿಟ್ಟು ಯೋಚಿಸಿದಳು.

"ಹಂಗಾದ್ರೆ ನಿಂಗೆ ಒಳ್ಳೇದು, ಯಾರ ಹೆಸರು ನೋಡಿ ಉರ್ಕೊಳ್ಳೋದೂ ಇರಲ್ಲ," ಅಂದಳು.

ತ್ರಿವೇಣಿಗೆ ನಗು ಬಂತು. ಅಮ್ಮನೂ ನಕ್ಕಳು. ಹೊರಗೆ ಆಟೋದವನು ಹಾರನ್ ಬಾರಿಸಿದ. ತ್ರಿವೇಣಿ ಗುಣಿಯನ್ನು ಬಳಸಿ, ಒರಗಿಸಿಟ್ಟಿದ್ದ ಮಗ್ಗದ ಮರಗಳ ನಡುವೆ ಸೆರಗು ಸಿಕ್ಕದ ಹಾಗೆ ಹಿಡಿದುಕೊಂಡು, ಹೊಸಿಲಾಚೆ ಚಪ್ಪಲಿ ಮೆಟ್ಟಿ ಬೀದಿಗೆ ಇಳಿದಳು.